ಕುಳೆಂನಲ್ಲಿ ಇಳಿಸಲ್ಪಟ್ಟ ಲೋಹಿಯಾ

ಗೋವೆಯ ಮುರಗಾಂವ ಬಂದರಿನ ಮೇಲಣ ಗುಡ್ಡವೇ ಸಡಾ. ಬಂದರಿನಿಂದ ಹೊರಟ ರೈಲುಹಾದಿ ಮಡಗಾಂವ, ಕುಳೆಂ ದಾಟಿ, ಘಟ್ಟವೇರಿ ಉತ್ತರ ಕನ್ನಡದ ಕ್ಯಾಸಲ್‌ರಾಕ್ ಸೇರುತ್ತದೆ. ಪೋರ್ಚುಗೀಸರ ಕಾಲದಲ್ಲಿ ಈ ಘಟ್ಟದಲ್ಲೇ ಗಡಿ. ಕುಳೆಂನಲ್ಲಿ ಅವರ ತಪಾಸಣೆ, ಕ್ಯಾಸಲ್‌ರಾಕಿನಲ್ಲಿ ಈ ಕಡೆಯವರದು.

1910ರಲ್ಲಿ ಈಗಿನ ಉತ್ತರ ಪ್ರದೇಶದ ಅಕ್ಬರಪುರದಲ್ಲಿ ಹುಟ್ಟಿದ ಡಾ. ರಾಮಮನೋಹರ ಲೋಹಿಯಾ, 1946ರಲ್ಲಿ ಬ್ರಿಟಿಷರ ಸೆರೆಯಿಂದ ಬಿಡುಗಡೆಯಾಗಿ, ವಿಶ್ರಾಂತಿಗೆಂದು ಗೆಳೆಯ ಡಾ. ಜುಲಿಯಾಂವ್ ಮಿನೇಜಿಸರ ಅಸೋಳ್ಣೆಯ ಮನೆಗೆ ಬಂದರು. ಸಭೆ ಸೇರಲೂ ಸ್ವಾತಂತ್ರ್ಯವಿಲ್ಲದ ಜನರನ್ನು ಕಂಡು ಸುಮ್ಮನಿರಲಾಗಲಿಲ್ಲ. ಜೂನ್ 18ರಂದು ಮಡಗಾಂವದಲ್ಲಿ ನಿಷೇಧ ಮುರಿದು ಭಾಷಣಕ್ಕೆ ನಿಂತರು, ಬಂಧನವಾಯಿತು. ಬಿಡುಗಡೆಯ ಬಳಿಕ ಗೋವೆ ಬಿಟ್ಟವರು ಸೆಪ್ಟೆಂಬರಿನಲ್ಲಿ ಮತ್ತೆ ರೈಲು ಹತ್ತಿದರು. ಕುಳೆಂ ನಿಲ್ದಾಣದಲ್ಲೇ ಅವರನ್ನು ಹಿಡಿದು ಆಗ್ವಾದ ಕೋಟೆಯಲ್ಲಿ ಕೂಡಿಹಾಕಿ, ಕೊನೆಗೆ ಹೊರಗಟ್ಟಿದರು.

1951ರಲ್ಲಿ ಕಾಗೋಡಿನ ಗೇಣಿದಾರರ ಸತ್ಯಾಗ್ರಹಕ್ಕೆ ಬಂದಾಗ, ಸ್ವತಂತ್ರ ಭಾರತದಲ್ಲೂ ಅವರಿಗೆ ಸೆರೆಯೇ ಸಿಕ್ಕಿತು. ಗೋವೆ ಬಿಡುಗಡೆಯಾದದ್ದು 1961ರ ಡಿಸೆಂಬರ್ 19ರಂದು. ಲೋಹಿಯಾ ತೀರಿಕೊಂಡದ್ದು 1967ರ ಅಕ್ಟೋಬರ್ 12ರಂದು.

ಗಡಿಯಂಚಿನ ಬಾಳು ಬಲ್ಲ ನಮಗೆ ಅವರ ಆ ಎರಡನೆಯ ಪ್ರಯಾಣವೇ ದೊಡ್ಡದೆನಿಸುತ್ತದೆ. ತಡೆಯುತ್ತಾರೆಂದು ತಿಳಿದೇ ಹೊರಟ ಪ್ರಯಾಣವದು. ಇಂದು ಸಡಾದ ಕನ್ನಡ ಕುಟುಂಬವೊಂದು ಊರಿಗೆ ಹೊರಟರೆ, ಕುಳೆಂನಲ್ಲಿ ಗಡಿ ದಾಟಲು ಪರವಾನಗಿ ಕೇಳುವವರಿಲ್ಲ.