ಕಾದಂಬರಿಕಾರ ದಾಸ್ತೊಯೆವ್‌ಸ್ಕಿ

ಪತ್ತೇದಾರಿ ಕಾದಂಬರಿಗಳನ್ನು ಓದದ ವಿದ್ಯಾರ್ಥಿ ನಮ್ಮಲ್ಲಿ ವಿರಳ. ಕೊಲೆಯಾಗುತ್ತದೆ, ಕೊಂದವನು ಯಾರೆಂಬುದನ್ನು ಕೊನೆಯ ಪುಟದವರೆಗೆ ಮುಚ್ಚಿಡುತ್ತಾರೆ, ಅವನು ಸಿಕ್ಕಿಬಿದ್ದೊಡನೆ ನಾವು ನೆಮ್ಮದಿಯಾಗಿ ಪುಸ್ತಕ ಮುಚ್ಚಿ ಊಟಕ್ಕೆ ಏಳುತ್ತೇವೆ. ರಷ್ಯದ ಫ್ಯೋದರ್ ದಾಸ್ತೊಯೆವ್‌ಸ್ಕಿ 1866ರಲ್ಲಿ ಪ್ರಕಟಿಸಿದ ‘ಅಪರಾಧ ಮತ್ತು ಶಿಕ್ಷೆ’ಯಲ್ಲಿಯೂ ಕೊಲೆಯುಂಟು, ಪೋಲೀಸರುಂಟು, ಚತುರನಾದ ತನಿಖಾಧಿಕಾರಿಯೂ ಉಂಟು. ಆದರೆ ಕೊಲೆಗಾರನು ಯಾರೆಂಬುದು ಮೊದಲಿನಿಂದಲೇ ಗೊತ್ತು. ಹಾಗಿದ್ದೂ ಕಾನ್‌ಸ್ಟನ್ಸ್ ಗಾರ್ನೆಟ್ ಅವರ ಇಂಗ್ಲಿಷ್ ಅನುವಾದದಲ್ಲಿ ಅದನ್ನು ಓದಿದಾಗ ನನಗಾದಷ್ಟು ಭಯ ಇನ್ನಾವ ಪುಸ್ತಕದಿಂದಲೂ ಆಗಿಲ್ಲ.

ರಾಸ್ಕೋಲ್ನಿಕೋವ್ ಎಂಬಾತ ಬಡತನದಿಂದ ವಿಶ್ವವಿದ್ಯಾನಿಲಯವನ್ನು ಬಿಟ್ಟ ವಿದ್ಯಾರ್ಥಿ. ಒತ್ತೆಯಿಟ್ಟುಕೊಂಡು ಸಾಲ ಕೊಡುವ ಮುದುಕಿಯೊಬ್ಬಳ ಮನೆಗೆ ತನ್ನ ಬಿಡಾರದಿಂದ 730 ಹೆಜ್ಜೆಗಳೆಂದು ಎಣಿಸಿಟ್ಟಿದ್ದಾನೆ. ಕೊಡಲಿಯಿಂದ ಅವಳನ್ನು ಕೊಲ್ಲುತ್ತಾನೆ. ಆಕಸ್ಮಿಕವಾಗಿ ಬಂದ ಅವಳ ತಂಗಿ ಲಿಜಾವೆತಳನ್ನೂ ಕೊಲ್ಲುತ್ತಾನೆ. ಅಷ್ಟರಲ್ಲಿ ಹೊರಗೆ ಇಬ್ಬರು ಬಂದು ಬಾಗಿಲನ್ನು ಜಗ್ಗುತ್ತಾರೆ. ಒಳಗೆ ಚಿಲಕದ ಕೊಕ್ಕೆ ಕುಣಿಯುತ್ತದೆ. ಅವನು ಅದನ್ನೇ ನೋಡುತ್ತ ನಿಂತಿದ್ದಾನೆ. ಆಗ ನನ್ನ ಮನಸ್ಸು ಬಯಸಿದುದು ಒಂದನ್ನೇ: ಕೊಕ್ಕೆ ಕಳಚದಿರಲಿ, ಇವನು ಹೇಗಾದರೂ ತಪ್ಪಿಸಿಕೊಳ್ಳಲಿ. ಏನೂ ಅರಿಯದ ಲಿಜಾವೆತ ಅಲ್ಲಿಯೇ ನೆಲದ ಮೇಲೆ ಸತ್ತು ಬಿದ್ದಿದ್ದಾಳೆ. ಅವಳ ನೆನಪೇ ನನಗಿಲ್ಲ! ಪುಸ್ತಕವನ್ನು ಓದಿದ್ದ ಗೆಳೆಯರಿಬ್ಬರನ್ನು ಕೇಳಿದೆ. ಅವರಿಗೂ ಹಾಗೆಯೇ ಆಗಿತ್ತಂತೆ. ಇದು ನನ್ನನ್ನು ಬಹಳ ದಿನ ಕಾಡಿತು. ನಮ್ಮನ್ನು ಎಳೆದುಕೊಂಡು ಹೋಗಿ ಕೊಲೆಗಾರನ ಪಕ್ಕದಲ್ಲಿ ನಿಲ್ಲಿಸುವ ಶಕ್ತಿ ಈ ಲೇಖಕನಿಗೆ ಎಲ್ಲಿಂದ ಬಂತು? ಹೀಗೆ ನಾನು ಆತನ ಜೀವನಚರಿತ್ರೆಯ ಕಡೆಗೆ ತಿರುಗಿದೆ.

ದಾಸ್ತೊಯೆವ್‌ಸ್ಕಿ ಹುಟ್ಟಿದ್ದು 1821ರಲ್ಲಿ, ಮಾಸ್ಕೋದ ಬಡವರ ಆಸ್ಪತ್ರೆಯೊಂದರ ಆವರಣದಲ್ಲಿ. ತಂದೆ ಅಲ್ಲಿ ವೈದ್ಯ. 1837ರಲ್ಲಿ ತಾಯಿ ಕ್ಷಯದಿಂದ ತೀರಿಕೊಂಡಳು. ಎರಡು ವರ್ಷಗಳ ಅನಂತರ ತಂದೆ ತನ್ನ ಜಮೀನಿನಲ್ಲಿ ಸತ್ತನು; ಜೀತದ ಒಕ್ಕಲುಗಳೇ ಕೊಂದರೆಂಬ ವದಂತಿ ಹಬ್ಬಿತಾದರೂ ಅದು ಸಿದ್ಧಪಟ್ಟಿಲ್ಲ. ಮಗನು ಪೀಟರ್ಸ್‌ಬರ್ಗಿನಲ್ಲಿ ಸೈನ್ಯದ ಇಂಜಿನಿಯರಿಂಗ್ ಓದಿ, ಆ ಕೆಲಸವನ್ನು ಬಿಟ್ಟು ಲೇಖನಿ ಹಿಡಿದನು. 1846ರಲ್ಲಿ ಹೊರಬಂದ ‘ಬಡ ಜನ’ ಎಂಬ ಮೊದಲ ಕಾದಂಬರಿಯಿಂದಲೇ ಹೆಸರಾಯಿತು.

ಮುಂದಿನದೇ ಮುಖ್ಯವಾದುದು. ಪೆತ್ರಾಶೆವ್‌ಸ್ಕಿ ಎಂಬುವನ ಮನೆಯಲ್ಲಿ ಕೆಲವು ತರುಣರು ಸೇರಿ ಜೀತಪದ್ಧತಿ, ಸಮಾಜ ಸುಧಾರಣೆ ಮುಂತಾದುವನ್ನು ಚರ್ಚಿಸುತ್ತಿದ್ದರು. ಅವರೊಡನೆ ಸೇರಿದ್ದಕ್ಕೂ, ವಿಮರ್ಶಕ ಬೆಲಿನ್‌ಸ್ಕಿ ಗೊಗೊಲನಿಗೆ ಬರೆದಿದ್ದ ನಿಷಿದ್ಧ ಪತ್ರವನ್ನು ಅಲ್ಲಿ ಓದಿದ್ದಕ್ಕೂ 1849ರ ಏಪ್ರಿಲಿನಲ್ಲಿ ಆತನ ಬಂಧನವಾಯಿತು. ಎಂಟು ತಿಂಗಳು ಕೋಟೆಯ ಸೆರೆ. ಡಿಸೆಂಬರ್ 22ರ ಬೆಳಿಗ್ಗೆ, ಕೊರೆಯುವ ಚಳಿಯಲ್ಲಿ, ಕೈದಿಗಳನ್ನೆಲ್ಲ ಒಂದು ಮೈದಾನಕ್ಕೆ ಕರೆತಂದು ಮರಣದಂಡನೆಯ ತೀರ್ಪನ್ನು ಓದಿದರು. ಮೊದಲ ಮೂವರನ್ನು ಕಂಬಗಳಿಗೆ ಕಟ್ಟಿದರು. ದಾಸ್ತೊಯೆವ್‌ಸ್ಕಿ ಎರಡನೆಯ ಮೂವರಲ್ಲಿ ಒಬ್ಬ. ಸಿಪಾಯಿಗಳು ಬಂದೂಕುಗಳನ್ನು ಎತ್ತಿ ಗುರಿಯಿಟ್ಟರು. ಆಗ ನಗಾರಿ ಬಾರಿಸಿತು. ಚಕ್ರವರ್ತಿಯು ಪ್ರಾಣದಾನ ಮಾಡಿರುವನೆಂದು ಸಾರಿದರು. ಇದೆಲ್ಲವೂ ಮೊದಲೇ ಗೊತ್ತುಮಾಡಿದ್ದ ನಾಟಕ! ಕಂಬಕ್ಕೆ ಕಟ್ಟಿದವರಲ್ಲಿ ಗ್ರಿಗೋರ್ಯೆವ್ ಎಂಬಾತನಿಗೆ ಬುದ್ಧಿಭ್ರಮಣೆಯಾಯಿತು. ಇಪ್ಪತ್ತೆಂಟು ವರ್ಷದ ದಾಸ್ತೊಯೆವ್‌ಸ್ಕಿ, ಇನ್ನು ಕೆಲವೇ ನಿಮಿಷ ಬದುಕು ಎಂದು ತಿಳಿದು ನಿಂತಿದ್ದವನು, ಕಾಲಿಗೆ ಬೇಡಿ ಹಾಕಿಸಿಕೊಂಡು ಸೈಬೀರಿಯಕ್ಕೆ ಹೊರಟನು.

ಬಾಗಿಲ ಹಿಂದೆ ನಿಂತು ಒಂದೊಂದು ಕ್ಷಣವನ್ನೂ ಎಣಿಸುವವನ ಎದೆಬಡಿತವನ್ನು ಬರೆಯುವುದಕ್ಕೆ ಈತನು ಕಲ್ಪನೆಯನ್ನು ಅವಲಂಬಿಸಬೇಕಾಗಿರಲಿಲ್ಲ ಎಂದು ಆಗ ನನಗೆ ಹೊಳೆಯಿತು. ಒಂದು ವ್ಯತ್ಯಾಸವುಂಟು. ಮೈದಾನದಲ್ಲಿ ನಿಂತವನು ಯಾರನ್ನೂ ಕೊಂದವನಲ್ಲ. ಕೊಂದವರನ್ನು ಆತನು ಕಂಡುದು ಓಮ್‌ಸ್ಕ್ ನಗರದ ಸೆರೆಮನೆಯಲ್ಲಿ. ಕಳ್ಳರು, ಕೊಲೆಗಡುಕರ ನಡುವೆ, ಅದೇ ಹಲಗೆಯ ಮೇಲೆ ಮಲಗಿ ನಾಲ್ಕು ವರ್ಷ ಕಳೆದನು. ಮೇಲ್ವರ್ಗದವನೆಂದು ಅವರು ಈತನನ್ನು ದ್ವೇಷಿಸುತ್ತಿದ್ದರು. ಅಲ್ಲಿನ ಅನುಭವದಿಂದ ಬರೆದ ‘ಸತ್ತವರ ಮನೆ’ಯಲ್ಲಿ ಆತನು ಒಂದು ವಿಚಿತ್ರ ಸಂಗತಿಯನ್ನು ಹೇಳುತ್ತಾನೆ: ಅಷ್ಟು ವರ್ಷಗಳಲ್ಲಿ ಆ ಜನರಲ್ಲಿ ಪಶ್ಚಾತ್ತಾಪದ ಗುರುತೇ ಕಾಣಲಿಲ್ಲವಂತೆ. ಸರಕಾರ ಕೊಡುವ ಶಿಕ್ಷೆ ಮನಸ್ಸನ್ನು ಮುಟ್ಟುವುದಿಲ್ಲವಾದರೆ ಮುಟ್ಟುವುದು ಯಾವುದು? ನನ್ನ ಮಟ್ಟಿಗೆ ‘ಅಪರಾಧ ಮತ್ತು ಶಿಕ್ಷೆ’ ಹುಟ್ಟಿದ್ದು ಈ ಪ್ರಶ್ನೆಯಿಂದ.

ಸೆರೆಮನೆಯ ನಂತರ ಸೈನಿಕನಾಗಿ ಕೆಲವು ವರ್ಷ ದುಡಿದು 1859ರ ಕೊನೆಗೆ ಪೀಟರ್ಸ್‌ಬರ್ಗಿಗೆ ಮರಳಿದನು. ಮೂರ್ಛೆರೋಗ ಅಂಟಿಕೊಂಡಿತ್ತು. 1864ರಲ್ಲಿ ಹೆಂಡತಿಯೂ ಅಣ್ಣನೂ ಕೆಲವೇ ತಿಂಗಳ ಅಂತರದಲ್ಲಿ ತೀರಿಕೊಂಡರು. ಅಣ್ಣನ ಸಾಲವೆಲ್ಲ ಈತನ ತಲೆಯ ಮೇಲೆ ಬಿತ್ತು. ಸಾಲದ ಜೊತೆಗೆ ಜೂಜು! 1865ರ ಬೇಸಗೆಯಲ್ಲಿ ಜರ್ಮನಿಯ ವೀಸ್‌ಬಾಡೆನ್ನಿನಲ್ಲಿ ಕೈಯಲ್ಲಿದ್ದುದನ್ನೆಲ್ಲ ಸೋತನು. ಹೋಟೆಲಿನವರು ಊಟ ನಿಲ್ಲಿಸಿ ಬರಿಯ ಚಹ ಕೊಡುತ್ತಿದ್ದರು. ಆ ಹಸಿವಿನಲ್ಲಿಯೇ ಒಬ್ಬ ವಿದ್ಯಾರ್ಥಿ ಕೊಲೆಗಾರನ ಕಥೆಯನ್ನು ಬರೆದುಕೊಡುವೆನೆಂದು ಸಂಪಾದಕ ಕತ್ಕೋವನಿಗೆ ಕಾಗದ ಬರೆದು, 300 ರೂಬಲುಗಳ ಮುಂಗಡ ಪಡೆದನು.

ಮೊದಲು ಕೊಲೆಗಾರನೇ ತನ್ನ ಕಥೆಯನ್ನು ಹೇಳುವಂತೆ ಬರೆಯುತ್ತಿದ್ದನು. ಅದು ಸರಿಬೀಳದೆ ಆ ವರ್ಷದ ನವೆಂಬರಿನಲ್ಲಿ ಬರೆದುದನ್ನೆಲ್ಲ ಸುಟ್ಟು ಮತ್ತೆ ಮೊದಲಿನಿಂದ ಆರಂಭಿಸಿದನು. ಸಾಲಗಾರರು ಬಾಗಿಲಲ್ಲಿ ಕಾಯುತ್ತಿರುವಾಗ ಹೀಗೆ ಸುಡುವುದಕ್ಕೆ ಎಂಥ ಎದೆ ಬೇಕು! ಹೊಸ ರೂಪದಲ್ಲಿ ಕಥೆಗಾರನು ಹೊರಗಿನವನು. ಆದರೆ ರಾಸ್ಕೋಲ್ನಿಕೋವನ ಭುಜದ ಹಿಂದಿನಿಂದ ಸರಿಯುವವನಲ್ಲ. ನಾವೂ ಅಲ್ಲಿಯೇ ಸಿಕ್ಕಿಕೊಳ್ಳುತ್ತೇವೆ. ಕೊಕ್ಕೆಯ ಪುಟದಲ್ಲಿ ನನಗಾದುದಕ್ಕೆ ಇದೊಂದು ಕಾರಣವಿರಬೇಕು.

1866ರಲ್ಲಿ ಕತ್ಕೋವನ ಪತ್ರಿಕೆಯಲ್ಲಿ ಕಾದಂಬರಿ ಕಂತುಗಳಲ್ಲಿ ಬಂತು. ಮೊದಲ ಕಂತಿನ ಸಮಯದಲ್ಲಿಯೇ, ಜನವರಿಯಲ್ಲಿ, ಮಾಸ್ಕೋದಲ್ಲಿ ದನೀಲೋವ್ ಎಂಬ ವಿದ್ಯಾರ್ಥಿ ಸಾಲ ಕೊಡುವವನೊಬ್ಬನನ್ನೂ ಅವನ ಮನೆಯ ಸೇವಕಿಯನ್ನೂ ಕೊಂದ ಸುದ್ದಿ ಬಂದಿತು. ಓದುಗರು ಎಷ್ಟು ತಲ್ಲಣಿಸಿರಬೇಡ! ದುರ್ಬಲ ನರಗಳವರು ಓದುವುದನ್ನೇ ಬಿಟ್ಟರು, ಗಟ್ಟಿಗರೂ ಕಾಯಿಲೆ ಬಿದ್ದಂತಾದರು ಎಂದು ಆತನ ಸಮಕಾಲೀನ ಸ್ತ್ರಾಖೋವ್ ಬರೆದಿದ್ದಾನೆ. ಅದನ್ನು ಓದಿ ನನಗೆ ಒಂದು ರೀತಿಯ ಸಮಾಧಾನವಾಯಿತೆಂಬುದನ್ನು ಮುಚ್ಚಿಡಲಾರೆ.

ನಡುವೆ ಇನ್ನೊಂದು ಗಂಡಾಂತರ. ಸ್ತೆಲ್ಲೋವ್‌ಸ್ಕಿ ಎಂಬ ಪ್ರಕಾಶಕನಿಂದ 3000 ರೂಬಲು ಪಡೆದು, ನವೆಂಬರ್ 1ರೊಳಗೆ ಬೇರೊಂದು ಕಾದಂಬರಿಯನ್ನು ಕೊಡದಿದ್ದರೆ ಒಂಬತ್ತು ವರ್ಷ ತನ್ನ ಬರಹಗಳನ್ನೆಲ್ಲ ಪುಕ್ಕಟೆಯಾಗಿ ಅಚ್ಚುಮಾಡಬಹುದೆಂದು ಒಪ್ಪಿಬಿಟ್ಟಿದ್ದನು. ಅಕ್ಟೋಬರಿನಲ್ಲಿ ಅನ್ನಾ ಎಂಬ ಇಪ್ಪತ್ತರ ತರುಣಿ ಶೀಘ್ರಲಿಪಿ ಬರೆದುಕೊಳ್ಳಲು ಬಂದಳು. 26 ದಿನಗಳಲ್ಲಿ ‘ಜೂಜುಗಾರ’ ಮುಗಿಯಿತು. ಬಳಿಕ ‘ಅಪರಾಧ ಮತ್ತು ಶಿಕ್ಷೆ’ಯ ಕೊನೆಯ ಭಾಗವನ್ನೂ ಆಕೆಗೇ ಹೇಳಿ ಬರೆಸಿದನು, 1867ರ ಫೆಬ್ರವರಿಯಲ್ಲಿ ಆಕೆಯನ್ನೇ ಮದುವೆಯಾದನು. ಮುಂದಿನ ದೊಡ್ಡ ಕಾದಂಬರಿಗಳೆಲ್ಲ ಆಕೆಯ ಆಸರೆಯಲ್ಲಿ ಬಂದುವು.

ಕಾದಂಬರಿಯ ಕೊನೆಯಲ್ಲಿ ರಾಸ್ಕೋಲ್ನಿಕೋವನು ಸೈಬೀರಿಯದ ಸೆರೆಯಲ್ಲಿದ್ದಾನೆ. ಸೋನ್ಯಾ ತಂದುಕೊಟ್ಟ ಬೈಬಲಿನ ಹೊಸ ಒಡಂಬಡಿಕೆ ಅವನ ದಿಂಬಿನ ಕೆಳಗಿದೆ; ಅವನು ಅದನ್ನಿನ್ನೂ ತೆರೆದಿಲ್ಲ. ಅಂಥದೇ ಪುಸ್ತಕವನ್ನು ಓಮ್‌ಸ್ಕಿಗೆ ಹೋಗುವ ದಾರಿಯಲ್ಲಿ, ಹಿಂದೆ ಗಡೀಪಾರಾದವರ ಹೆಂಡಂದಿರು ದಾಸ್ತೊಯೆವ್‌ಸ್ಕಿಗೆ ಕೊಟ್ಟಿದ್ದರು. ನಾಲ್ಕು ವರ್ಷ ಅದು ಆತನ ದಿಂಬಿನ ಕೆಳಗಿತ್ತು. 1881ರಲ್ಲಿ, ತೀರಿಕೊಂಡ ದಿನ, ಅನ್ನಾಳಿಗೆ ಹೇಳಿ ಅದೇ ಪ್ರತಿಯಿಂದ ಓದಿಸಿಕೊಂಡು, ಅದನ್ನು ಮಗನಿಗೆ ಕೊಡಿಸಿದನು.