ಸರಪಳಿಯಲ್ಲಿದ್ದ ಕುರಿಗಾಹಿಯ ಏಳು ಪತ್ರಗಳು



ಸಂತ ಇಗ್ನೇಷಿಯಸ್ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ಯೇಸುಸಭೆಯ ಸ್ಥಾಪಕರಾದ ಲೊಯೋಲದ ಇಗ್ನೇಷಿಯಸರು ನೆನಪಾಗುತ್ತಾರೆ. ಅವರಿಗಿಂತ ಸುಮಾರು ಹದಿನಾಲ್ಕು ಶತಮಾನಗಳ ಹಿಂದೆ ಅದೇ ಹೆಸರಿನ ಮತ್ತೊಬ್ಬ ಸಂತರಿದ್ದರು. ಅಕ್ಟೋಬರ್ 17ರಂದು ಧರ್ಮಸಭೆ ಅವರ ಹಬ್ಬವನ್ನು ಆಚರಿಸುತ್ತದೆ. ಅವರೇ ಅಂತಿಯೋಕ್ಯದ ಧರ್ಮಾಧ್ಯಕ್ಷರಾಗಿದ್ದ ಸಂತ ಇಗ್ನೇಷಿಯಸ್.

ಅಂತಿಯೋಕ್ಯ ನಮಗೆ ಅಪರಿಚಿತ ಊರೇನಲ್ಲ. ಯೇಸುವಿನ ಶಿಷ್ಯರಿಗೆ ಕ್ರೈಸ್ತರು ಎಂಬ ಹೆಸರು ಮೊದಲು ಬಂದದ್ದು ಅಲ್ಲೇ ಎಂದು ಪ್ರೇಷಿತರ ಕಾರ್ಯಕಲಾಪಗಳು ತಿಳಿಸುತ್ತವೆ. ಟ್ರೇಜನ್ ಚಕ್ರವರ್ತಿಯ ಆಳ್ವಿಕೆಯಲ್ಲಿ (98–117) ಆ ಊರಿನ ಕ್ರೈಸ್ತರಿಗೆ ಕಷ್ಟಕಾಲ ಬಂತು. ಇಗ್ನೇಷಿಯಸರನ್ನು ಬಂಧಿಸಿ, ಕಾಡುಮೃಗಗಳಿಗೆ ಆಹಾರವಾಗಿಸಲು ರೋಮ್ ನಗರಕ್ಕೆ ಕಳುಹಿಸಲಾಯಿತು. ಇದು ನಡೆದದ್ದು ಸುಮಾರು 107ರಲ್ಲಿ ಎಂಬುದು ಸಂಪ್ರದಾಯ.

ಹತ್ತು ಮಂದಿ ಸೈನಿಕರ ಕಾವಲು. ಹಗಲೂ ರಾತ್ರಿಯೂ ಸರಪಳಿ. ಒಳ್ಳೆಯತನ ತೋರಿದಷ್ಟೂ ಆ ಸೈನಿಕರು ಹೆಚ್ಚು ಕ್ರೂರರಾಗುತ್ತಿದ್ದರೆಂದು ಇಗ್ನೇಷಿಯಸರೇ ಬರೆದಿದ್ದಾರೆ. ದಾರಿಯಲ್ಲಿ ಸ್ಮುರ್ನ ಪಟ್ಟಣದಲ್ಲಿ ತಂಗಿದಾಗ ಅಲ್ಲಿನ ಧರ್ಮಾಧ್ಯಕ್ಷರಾದ ಸಂತ ಪೊಲಿಕಾರ್ಪರು ಅವರನ್ನು ಆದರಿಸಿದರು. ಸುತ್ತಲ ಊರುಗಳ ಕ್ರೈಸ್ತರು ತಮ್ಮ ಧರ್ಮಾಧ್ಯಕ್ಷರನ್ನೂ ಇತರ ಪ್ರತಿನಿಧಿಗಳನ್ನೂ ಭೇಟಿಗೆ ಕಳುಹಿಸಿದರು. ಬಂದವರನ್ನು ಬರಿಗೈಯಲ್ಲಿ ಕಳುಹಿಸಲು ಇಗ್ನೇಷಿಯಸರಿಗೆ ಮನಸ್ಸಾಗಲಿಲ್ಲ. ಎಫೆಸ, ಮಗ್ನೇಸಿಯ, ತ್ರಲ್ಲೆಸ್ ಸಭೆಗಳಿಗೆ ಒಂದೊಂದು ಪತ್ರ ಕೊಟ್ಟರು. ರೋಮಿನವರಿಗೂ ಒಂದು ಪತ್ರ ಬರೆದರು. ಮುಂದೆ ತ್ರೋವದಿಂದ ಫಿಲದೆಲ್ಫಿಯದವರಿಗೆ, ಸ್ಮುರ್ನದವರಿಗೆ ಮತ್ತು ಪೊಲಿಕಾರ್ಪರಿಗೆ ಇನ್ನೂ ಮೂರು ಬರೆದರು. ಈ ಏಳು ಪತ್ರಗಳೇ ಅವರು ನಮಗೆ ಬಿಟ್ಟುಹೋದ ಆಸ್ತಿ.

ಸಾವಿನ ದಾರಿಯಲ್ಲಿರುವ ಮನುಷ್ಯ ಏನು ಬರೆಯುತ್ತಾನೆ? ತನ್ನ ನೋವನ್ನು ತೋಡಿಕೊಳ್ಳುತ್ತಾನೆ ಎಂದು ನಾವು ಭಾವಿಸಬಹುದು. ಆದರೆ ಇಗ್ನೇಷಿಯಸರನ್ನು ಕಾಡಿದ್ದು ಬೇರೊಂದು ಚಿಂತೆ. ಯೇಸುಸ್ವಾಮಿ ನಿಜವಾಗಿ ಮನುಷ್ಯರಾಗಲಿಲ್ಲ, ನಿಜವಾಗಿ ನೋವುಣ್ಣಲಿಲ್ಲ, ಹಾಗೆ ತೋರಿತಷ್ಟೇ ಎಂದು ಕೆಲವರು ಆಗ ಬೋಧಿಸುತ್ತಿದ್ದರು. ದೇವರಿಗೆ ನೋವು ತಕ್ಕದ್ದಲ್ಲ ಎಂಬುದು ಅವರ ವಾದ. ಕೇಳಲು ಭಕ್ತಿಯ ಮಾತಿನಂತಿದೆ, ಅಲ್ಲವೇ? ಇಗ್ನೇಷಿಯಸರು ಇದಕ್ಕೆ ತಮ್ಮ ಸರಪಳಿಯನ್ನೇ ಉತ್ತರವಾಗಿ ತೋರಿಸಿದರು. ಕ್ರಿಸ್ತರ ಶಿಲುಬೆ ಬರಿಯ ತೋರಿಕೆಯಾದರೆ ನಾನು ಬೇಡಿ ತೊಟ್ಟು ಸಾಯಲು ಹೋಗುವುದೇಕೆ ಎಂದು ಕೇಳಿದರು. ಮರಿಯಮ್ಮನವರ ಉದರದಲ್ಲಿ ಜನಿಸಿದ್ದು, ಊಟ ಮಾಡಿದ್ದು, ಪೋನ್ಸಿಯುಸ್ ಪಿಲಾತನ ಕಾಲದಲ್ಲಿ ಶಿಲುಬೆಗೇರಿದ್ದು, ಪುನರುತ್ಥಾನರಾದದ್ದು ಎಲ್ಲವೂ ನಿಜ ಎಂದು ಒತ್ತಿ ಹೇಳಿದರು.

ಇದು ಪಂಡಿತರ ಚರ್ಚೆ ಮಾತ್ರವೆಂದು ತಳ್ಳಿಹಾಕಬೇಡಿ. ಆ ಬೋಧಕರ ಬಾಳಿನಲ್ಲಿ ಇಗ್ನೇಷಿಯಸರು ಕಂಡ ಗುರುತುಗಳನ್ನು ಗಮನಿಸಿ. ಅವರು ಪರಮಪ್ರಸಾದದಿಂದ ದೂರ ಉಳಿಯುತ್ತಿದ್ದರು. ವಿಧವೆಯರು, ಅನಾಥರು, ಹಸಿದವರು, ಸೆರೆಯಲ್ಲಿದ್ದವರು ಅವರಿಗೆ ಬೇಕಿರಲಿಲ್ಲ. ಕ್ರಿಸ್ತರ ಶರೀರವನ್ನೇ ನಂಬದವರಿಗೆ ನೆರೆಯವನ ಹೊಟ್ಟೆಯ ಹಸಿವು ಕಾಣುವುದಾದರೂ ಹೇಗೆ? ನಮ್ಮ ಸಭೆಯನ್ನು ನಾವು ಕರೆಯುವ ಕಥೋಲಿಕ ಧರ್ಮಸಭೆ ಎಂಬ ಹೆಸರು ಬರಹದಲ್ಲಿ ಮೊತ್ತಮೊದಲು ಸಿಗುವುದು ಸ್ಮುರ್ನದವರಿಗೆ ಬರೆದ ಇದೇ ಪತ್ರದಲ್ಲಿ.

ಕುಟುಂಬಗಳನ್ನೂ ಅವರು ಮರೆಯಲಿಲ್ಲ. ಹೆಂಡತಿ ಮಕ್ಕಳೊಡನೆ ಬಾಳುವ ಮನೆಮನೆಗೂ ವಂದನೆ ತಿಳಿಸಿದರು. ಕೆಲವರನ್ನು ಹೆಸರು ಹಿಡಿದೇ ನೆನೆದರು. ಪೊಲಿಕಾರ್ಪರಿಗೆ ಬರೆಯುತ್ತಾ, ವಿಧವೆಯರಿಗೆ ಪ್ರಭುವಿನ ನಂತರ ನೀವೇ ಆಸರೆಯಾಗಿರಿ ಎಂದರು. ಗಂಡಂದಿರು ಹೆಂಡತಿಯರನ್ನು ಕ್ರಿಸ್ತರು ಧರ್ಮಸಭೆಯನ್ನು ಪ್ರೀತಿಸಿದಂತೆ ಪ್ರೀತಿಸಲಿ, ದಾಸದಾಸಿಯರನ್ನು ಯಾರೂ ಕೀಳಾಗಿ ಕಾಣದಿರಲಿ ಎಂದು ಬುದ್ಧಿ ಹೇಳಿದರು.

ರೋಮಿನವರಿಗೆ ಬರೆದ ಪತ್ರ ಮಾತ್ರ ಬೇರೆಯೇ ಬಗೆಯದು. ಅಲ್ಲಿನ ಕ್ರೈಸ್ತರು ತಮ್ಮನ್ನು ಬಿಡಿಸಲು ಯತ್ನಿಸಬಹುದೆಂದು ಶಂಕಿಸಿ, ದಯವಿಟ್ಟು ಅಡ್ಡ ಬರಬೇಡಿ ಎಂದು ಬೇಡಿಕೊಂಡರು. ಮೃಗಗಳ ಹಲ್ಲಿಗೆ ಸಿಕ್ಕಿ ದೇವರ ಗೋಧಿಯಂತೆ ಅರೆಯಲ್ಪಡುವುದೇ ಅವರ ಹಂಬಲವಾಗಿತ್ತು. ಇದನ್ನು ಓದಿ, ಇವರಿಗೆ ಭಯವೇ ಇರಲಿಲ್ಲ ಎಂದುಕೊಳ್ಳಬೇಡಿ. ರೋಮಿಗೆ ಬಂದ ಮೇಲೆ ನಾನೇ ಬೇರೆ ಮಾತಾಡಿದರೂ ಕೇಳಬೇಡಿ, ಈಗ ಬರೆದಿರುವುದನ್ನೇ ನಂಬಿ ಎಂದು ಅವರು ಮೊದಲೇ ತಿಳಿಸಿದರು. ತಮ್ಮ ದೌರ್ಬಲ್ಯವನ್ನು ಅರಿತವರು ಮಾತ್ರ ಹೀಗೆ ಬರೆಯಬಲ್ಲರು.

ತ್ರೋವದಲ್ಲಿದ್ದಾಗ ಅಂತಿಯೋಕ್ಯದ ಸಭೆಗೆ ಶಾಂತಿ ಮರಳಿದೆ ಎಂಬ ಸುದ್ದಿ ಬಂತು. ಅಲ್ಲಿಗೊಬ್ಬ ದೂತನನ್ನು ಕಳುಹಿಸಿ ಸಂತೋಷ ಹಂಚಿಕೊಳ್ಳಿರೆಂದು ಅವರು ಇತರ ಸಭೆಗಳನ್ನು ಕೇಳಿಕೊಂಡರು. ಬಳಿಕ ಫಿಲಿಪ್ಪಿಯ ಮಾರ್ಗವಾಗಿ ರೋಮಿಗೆ ಹೋಗಿ ರಕ್ತಸಾಕ್ಷಿಯಾದರು. ಫಿಲಿಪ್ಪಿಯವರು ಅವರ ಪತ್ರಗಳಿಗಾಗಿ ಕೇಳಿದಾಗ ಪೊಲಿಕಾರ್ಪರು ತಮ್ಮ ಬಳಿಯಿದ್ದವನ್ನು ಸೇರಿಸಿ ಕಳುಹಿಸಿಕೊಟ್ಟರು.

ಪ್ರಿಯರೇ, ಆ ಪತ್ರಗಳು ಈಗ ನಮ್ಮ ಮನೆಗೂ ಬಂದಿವೆ. ಭಾನುವಾರ ಪರಮಪ್ರಸಾದ ಸ್ವೀಕರಿಸುವಾಗ ನಾವು ಆಮೆನ್ ಎನ್ನುತ್ತೇವೆ. ಆ ಆಮೆನ್ ನಿಜವಾಗಬೇಕಾದರೆ ನಮ್ಮ ಧರ್ಮಕೇಂದ್ರದಲ್ಲಿ ಒಂಟಿಯಾಗಿರುವ ವಿಧವೆಯ ಮನೆ, ಹಾಸಿಗೆ ಹಿಡಿದವರ ಕೋಣೆ ನಮಗೆ ಗೊತ್ತಿರಬೇಕು. ಇಂದು ರಾತ್ರಿ ಜಪಮಾಲೆ ಮುಗಿದ ಮೇಲೆ ಅಂಥವರೊಬ್ಬರ ಹೆಸರನ್ನು ಮಕ್ಕಳ ಮುಂದೆ ಹೇಳಿರಿ. ಈ ವಾರದಲ್ಲಿ ಮಕ್ಕಳನ್ನೂ ಕರೆದುಕೊಂಡು ಒಮ್ಮೆ ಅವರನ್ನು ಕಂಡುಬನ್ನಿ.