ಭಾಸ್ಕರಾಚಾರ್ಯರು ಮತ್ತು ನಮ್ಮ ಶಾಲೆಯ ಅಂಗಳದ ನೆರಳು

ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ವಿಜ್ಞಾನದ ಗುರುಗಳು ಒಂದು ಮಧ್ಯಾಹ್ನ ನಮ್ಮನ್ನೆಲ್ಲ ಧ್ವಜದ ಕಟ್ಟೆಯ ಬಳಿ ಕರೆದೊಯ್ದು ಕಂಬದ ನೆರಳನ್ನು ಅಳೆಯಿಸಿದರು. ಹೀಗೆ ನೆರಳು ಅಳೆದು ಆಕಾಶದ ಲೆಕ್ಕ ಹಾಕಿದ ಭಾಸ್ಕರಾಚಾರ್ಯರು ನಮ್ಮ ವಿಜಯಪುರದವರು ಎಂದೂ ಹೇಳಿದರು. ತಿಕೋಟಾ, ಬಬಲೇಶ್ವರ ಬಿಟ್ಟು ಹೆಚ್ಚು ದೂರ ಹೋಗದಿದ್ದ ನಮಗೆ ಬಹಳ ಹೆಮ್ಮೆಯಾಯಿತು. ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಆ ಮಹನೀಯರ ಬದುಕನ್ನೇ ಬರೆಯಬೇಕೆನಿಸಿತು.

ಭಾಸ್ಕರಾಚಾರ್ಯರು ಹುಟ್ಟಿದ್ದು ಶಕ 1036ರಲ್ಲಿ, ಅಂದರೆ ಕ್ರಿ.ಶ. 1114ರಲ್ಲಿ. ಬಾಗೇವಾಡಿಯ ಬಸವಣ್ಣನವರ ಶತಮಾನವೇ ಅದು. ತಂದೆ ಮಹೇಶ್ವರರೇ ಅವರಿಗೆ ಗುರುಗಳು. ಏಳನೆಯ ಶತಮಾನದಲ್ಲಿ ಇದೇ ಹೆಸರಿನ ಇನ್ನೊಬ್ಬ ಗಣಿತಜ್ಞರಿದ್ದುದರಿಂದ ಇವರನ್ನು ಎರಡನೆಯ ಭಾಸ್ಕರ ಎನ್ನುತ್ತಾರೆ. ತಮ್ಮ ಊರು ಸಹ್ಯಾದ್ರಿ ಸೀಮೆಯ ವಿಜ್ಜಡವಿಡ ಎಂದು ಅವರೇ ಬರೆದಿದ್ದಾರೆ. ಅದೇ ಇಂದಿನ ವಿಜಯಪುರ ಎಂದು ಹಲವು ವಿದ್ವಾಂಸರು ಹೇಳಿದರೆ, ಮಹಾರಾಷ್ಟ್ರದ ಚಾಳೀಸಗಾಂವ ಹತ್ತಿರದ ಪಾಟಣ ಸೀಮೆಯ ಊರು ಎಂದು ಬೇರೆ ಕೆಲವರು ಹೇಳುತ್ತಾರೆ. ಈ ವಾದ ಇನ್ನೂ ಮುಗಿದಿಲ್ಲ. ಇದು ತಿಳಿದಾಗ ನನಗೆ ಸ್ವಲ್ಪ ಬೇಸರವೇ ಆಯಿತು. ಆದರೆ ಅವರ ಕೆಲಸವನ್ನು ಓದುತ್ತ ಹೋದಂತೆ ಆ ಬೇಸರ ಉಳಿಯಲಿಲ್ಲ.

36ನೆಯ ವಯಸ್ಸಿನಲ್ಲಿ, 1150ರಲ್ಲಿ, ಅವರು ‘ಸಿದ್ಧಾಂತ ಶಿರೋಮಣಿ’ಯನ್ನು ರಚಿಸಿದರು. ಲೀಲಾವತಿ, ಬೀಜಗಣಿತ, ಗ್ರಹಗಣಿತ, ಗೋಲಾಧ್ಯಾಯ ಎಂಬ ನಾಲ್ಕು ಭಾಗಗಳು ಅದರಲ್ಲಿವೆ. ಲೀಲಾವತಿ ಅವರ ಮಗಳು, ಅವಳ ಮದುವೆಯ ಮುಹೂರ್ತ ಒಂದು ಮುತ್ತಿನಿಂದಾಗಿ ತಪ್ಪಿತು ಎಂಬ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಅದು ಪ್ರಸಿದ್ಧವಾದದ್ದು 1587ರಲ್ಲಿ ಅಕ್ಬರನ ಆಸ್ಥಾನದ ಫೈಜಿ ಮಾಡಿದ ಪಾರಸಿ ಅನುವಾದದಿಂದ. ಆದ್ದರಿಂದ ಅದನ್ನು ಕಥೆಯೆಂದೇ ಕೇಳುವುದು ಒಳ್ಳೆಯದು.

ನನ್ನ ಮನಸ್ಸನ್ನು ಹಿಡಿದದ್ದು ಗೋಲಾಧ್ಯಾಯ. ಭೂಮಿಯನ್ನು ಯಾವುದೋ ಒಂದು ಆಧಾರ ಹೊತ್ತಿದೆ ಎಂದರೆ, ಆ ಆಧಾರವನ್ನು ಹೊತ್ತವರು ಯಾರು ಎಂದು ಅಲ್ಲಿ ಅವರು ಕೇಳುತ್ತಾರೆ. ಹೀಗೆ ಕೇಳುತ್ತ ಹೋದರೆ ಕೊನೆಗೆ ಯಾವುದೋ ಒಂದು ತಾನೇ ನಿಂತಿದೆ ಎನ್ನಲೇಬೇಕು. ಹಾಗಿದ್ದರೆ ಭೂಮಿಯೇ ತಾನಾಗಿ ನಿಂತಿದೆ ಎಂದು ಮೊದಲೇ ಏಕೆ ಒಪ್ಪಬಾರದು? ಭೂಮಿಗೆ ವಸ್ತುಗಳನ್ನು ಸೆಳೆಯುವ ಶಕ್ತಿಯಿದೆ ಎಂದೂ ಅವರು ಹೇಳಿದರು. ದೊಡ್ಡ ವೃತ್ತದ ಸಣ್ಣ ತುಂಡು ನೇರವಾಗಿ ಕಾಣುವಂತೆ, ದೊಡ್ಡ ಗೋಳದ ಮೇಲೆ ನಿಂತ ನಮಗೆ ನೆಲ ಸಮತಟ್ಟಾಗಿ ಕಾಣುತ್ತದೆ ಎಂದು ವಿವರಿಸಿದರು. ಚಂದ್ರನ ವೇಗ ಒಂದೇ ದಿನದೊಳಗೂ ಬದಲಾಗುವುದರಿಂದ, ಆಯಾ ಕ್ಷಣದ ವೇಗವನ್ನು ಲೆಕ್ಕ ಹಾಕುವ ಕ್ರಮವನ್ನೂ ಕೊಟ್ಟರು.

ಅವರ ಲೆಕ್ಕದಲ್ಲಿ ಭೂಮಿ ನಡುವೆ ನಿಶ್ಚಲವಾಗಿತ್ತು, ಸೂರ್ಯ ಸುತ್ತುತ್ತಿದ್ದ. ಇದು ಸರಿಯಲ್ಲ ಎಂದು ಇಂದು ಎಂಟನೆಯ ತರಗತಿಯ ಮಗುವೂ ಹೇಳುತ್ತದೆ. ಆದರೆ ಸೂತ್ರ ಹೇಳಿ ಸುಮ್ಮನಾಗಬಾರದು, ಅದು ಏಕೆ ಸರಿ ಎಂಬುದಕ್ಕೆ ಉಪಪತ್ತಿ ಕೊಡಬೇಕು ಎಂದು ಅವರು ಹಿಡಿದ ಹಟ ಇಂದಿಗೂ ಹಳೆಯದಾಗಿಲ್ಲ.

ಇನ್ನು ನೆರಳಿನ ಮಾತು. 12 ಅಂಗುಲದ ಕಡ್ಡಿಯನ್ನು ಸಮ ನೆಲದಲ್ಲಿ ನೇರವಾಗಿ ನಿಲ್ಲಿಸಿದರೆ ಅದೇ ಶಂಕು. ಹಗಲು ರಾತ್ರಿ ಸಮವಾಗುವ ಮಾರ್ಚ್ 21ರ ಸುಮಾರಿಗೆ, ನೆರಳು ಅತ್ಯಂತ ಚಿಕ್ಕದಾಗುವ ನಡುಹಗಲಿನಲ್ಲಿ ಅಳೆದರೆ, ವಿಜಯಪುರದಲ್ಲಿ ಅದು ಸುಮಾರು 3.6 ಅಂಗುಲ ಇರುತ್ತದೆ. ಇನ್ನೂ ಉತ್ತರದ ಪಾಟಣದಲ್ಲಿ ಸುಮಾರು 4.5 ಅಂಗುಲ. ಭೂಮಿ ಗುಂಡಾಗಿರುವುದರಿಂದಲೇ ಈ ವ್ಯತ್ಯಾಸ. ನಾವು ಭೂಮಧ್ಯರೇಖೆಯಿಂದ ಎಷ್ಟು ಉತ್ತರಕ್ಕಿದ್ದೇವೆ ಎಂಬುದನ್ನು ಈ ಒಂದು ಕಡ್ಡಿಯೇ ಹೇಳಿಬಿಡುತ್ತದೆ. ಮೇ ಮೊದಲ ವಾರದ ಕೊನೆಗೆ ಮತ್ತು ಆಗಸ್ಟ್ ಮೊದಲ ವಾರದಲ್ಲಿ ಒಂದೊಂದು ದಿನ ನಡುಹಗಲಿನಲ್ಲಿ ನಮ್ಮ ಕಡೆ ಸೂರ್ಯ ನೆತ್ತಿಯ ಮೇಲೆಯೇ ಬಂದು, ಶಂಕುವಿನ ನೆರಳು ಇಲ್ಲವೇ ಇಲ್ಲ ಎಂಬಂತಾಗುತ್ತದೆ.

1183ರಲ್ಲಿ, 69ನೆಯ ವಯಸ್ಸಿನಲ್ಲಿ, ಭಾಸ್ಕರಾಚಾರ್ಯರು ಗ್ರಹಗಳ ಲೆಕ್ಕವನ್ನು ಸುಲಭ ಮಾಡುವ ‘ಕರಣ ಕುತೂಹಲ’ ಎಂಬ ಗ್ರಂಥವನ್ನು ಬರೆದರು. ಅವರ ಮಗ ಲಕ್ಷ್ಮೀಧರ ಯಾದವ ಅರಸನ ಆಸ್ಥಾನದಲ್ಲಿ ಪಂಡಿತರಾದರು. ಮೊಮ್ಮಗ ಚಂಗದೇವ ಅಜ್ಜನ ಗ್ರಂಥಗಳನ್ನು ಕಲಿಸುವುದಕ್ಕಾಗಿಯೇ ಪಾಟಣದಲ್ಲಿ ಒಂದು ಮಠ ತೆರೆದರು. ಅಲ್ಲಿಯ 1207ರ ಸುಮಾರಿನ ಶಾಸನ ಇದನ್ನು ಹೇಳುತ್ತದೆ. 19ನೆಯ ಶತಮಾನದಲ್ಲಿ ಮುಂಬಯಿಯ ಡಾ. ಭಾವು ದಾಜಿ ಅದನ್ನು ಬೆಳಕಿಗೆ ತಂದರು. ಆ ಮಠಕ್ಕೆ ಆಳುವವರು ದಾನ ಕೊಟ್ಟರು. ಊರಿನ ವ್ಯಾಪಾರದಿಂದಲೂ ಒಂದು ಪಾಲು ಬಂತು.

ಇದನ್ನು ಓದಿದಾಗ ನನಗೆ ನಮ್ಮ ಶಾಲೆಯೇ ನೆನಪಾಯಿತು. ಸರಕಾರದ ಜೊತೆಗೆ ಊರಿನ ಹಿರಿಯರೂ ಕೈಜೋಡಿಸಿದ್ದರಿಂದ ಇದು 50 ವರ್ಷ ನಡೆದು ಬಂದಿದೆ. ಭಾಸ್ಕರಾಚಾರ್ಯರು ಯಾವ ಊರಲ್ಲಿ ಹುಟ್ಟಿದರೆಂದು ವಿದ್ವಾಂಸರು ತೀರ್ಮಾನಿಸಲಿ. ಅವರ ವಿದ್ಯೆ ಮಾತ್ರ ಅದನ್ನು ಕಲಿಸುವ ಮತ್ತು ಕಲಿಯುವ ಊರಿಗೆಲ್ಲ ಸೇರಿದ್ದು. ಶಾಲೆಯ ಈಗಿನ ಮಕ್ಕಳಲ್ಲಿ ನನ್ನದೊಂದು ವಿನಂತಿ: ಬರುವ ಮಾರ್ಚ್ 21ರಂದು ಅಂಗಳದಲ್ಲಿ ಒಂದು ಶಂಕು ನಿಲ್ಲಿಸಿ, ನೆರಳು ಅಳೆದು ನೋಡಿರಿ. 3.6 ಅಂಗುಲ ಬಂದರೆ ಸಂತೋಷ. ಬಾರದಿದ್ದರೆ ಏಕೆ ಬರಲಿಲ್ಲ ಎಂದು ನಿಮ್ಮ ಗುರುಗಳನ್ನು ಕೇಳಿರಿ.